ಓರೆಯಾಗಿ ಕೂರುವ ಸೊಳ್ಳೆ

ಚಳಿಜ್ವರದ ಸೊಳ್ಳೆಯ ಗುರುತು ನಾನು ಕಲಿತದ್ದು ಕಲಬುರಗಿಯ ಗಾಜಿಪುರದಲ್ಲಿ, ಗಂಡನ ಮನೆಯ ಬಾವಿಕಟ್ಟೆಯ ಮೇಲೆ. ನಿಜಾಮರ ಸರ್ಕಾರದ ಔಷಧಿಯವನೊಬ್ಬ ಬಾವಿ ನೋಡಲು ಬಂದಿದ್ದ. ಬಾಟಲಿಯಲ್ಲಿ ಎರಡು ಸೊಳ್ಳೆ ಹಿಡಿದು ತೋರಿಸಿದ.

"ಇದು ಸಮ ಕುಂತದ, ಗಟಾರದ್ದು. ಇದು ನೋಡ್ರಿ ಅಕ್ಕಾರ, ತಲಿ ಕೆಳಗ, ಕುಂಡಿ ಮ್ಯಾಲ. ರೆಕ್ಕಿಮ್ಯಾಗ ಚುಕ್ಕಿ. ಚಳಿಜ್ವರ ತರೋದು ಇದು. ತಿಳಿನೀರಾಗ ತತ್ತಿ ಇಡ್ತದ. ಕಡಿಯೋದು ಬರೇ ಹೆಣ್ಣು, ತತ್ತಿಗಿ ರಕ್ತ ಬೇಕಲ್ಲ."

ಶಾಲೆಯಲ್ಲಿ ಕಲಿತದ್ದು ಏನೂ ಉಳಿಯಲಿಲ್ಲ. ಇದು ಉಳಿಯಿತು.

ಆ ವರ್ಷದ ಮಳೆಗಾಲದ ಕೊನೆಗೆ ಅಕ್ಕ ಕಮಲಾಪುರದ ತವರಲ್ಲಿ ಹೆತ್ತಳು. ನಾನು ಹೋಗುವಷ್ಟರಲ್ಲಿ ಅವಳಿಗೆ ದಿನ ಬಿಟ್ಟು ದಿನ ಜ್ವರ. ಸೊಳ್ಳೆಯೆಲ್ಲ ನಾರುವ ಬಚ್ಚಲಗುಂಡಿಯಿಂದ ಬರುತ್ತವೆಂದು ಅವ್ವ ಬಾಣಂತಿಯ ಹೊರಸನ್ನು ಅದರಿಂದ ದೂರದ ಹಿತ್ತಲ ಕೋಣೆಗೆ ಹಾಕಿಸಿದ್ದಳು. ಅದರ ಬೆನ್ನಿಗೇ ಬಾಳೆತೋಟದ ಕಾಲುವೆ. ಹುಲ್ಲಿನ ನಡುವೆ ನೀರು ನಿಂತಿತ್ತು, ತಳದ ಹರಳು ಕಾಣುವಷ್ಟು ತಿಳಿಯಾಗಿ.

ಕಿಟಕಿಗೆ ಅರಿವೆ ತುರುಕಿ ಕೋಣೆ ಕತ್ತಲು ಮಾಡಿದ್ದರು. ದೀಪ ಹಿಡಿದು ನೋಡಿದೆ. ಗೋಡೆ ತುಂಬ ಸೊಳ್ಳೆ, ಎಲ್ಲವೂ ಓರೆಯಾಗಿ ಕೂತಿದ್ದವು.

"ಎವ್ವಾ, ಇವು ಜ್ವರದ ಗುಂಗಾಡಿ. ಕಾಲುವಿ ನೀರಾಗ ಹುಟ್ಟಿದ್ದು, ಕಡಿಯೋದು ಬರೇ ಹೆಣ್ಣು. ಅಕ್ಕನ್ನ ಇಲ್ಲಿಂದ ಎಬ್ಬಸು."

"ಪೂಜಿಗಿ ತರೋ ನೀರಾಗ ಜ್ವರ ಹುಟ್ತದೇನ? ಗುಂಗಾಡಿ ಕುಂಡಿ ನೋಡಿ ರೋಗ ಹೇಳೋ ಹಕೀಮಳಾಗಿ ಬಂದೀಯೇನ ಶಹರದಿಂದ?"

ಹಲ್ಲು ಕಟಕಟ ಅನ್ನುತ್ತಿದ್ದರೂ ಅಕ್ಕ ಕೇಳಿದಳು, "ಕಡಿಯೋದು ಹೆಣ್ಣಾದ್ರ ಗಂಡೇನ ಮಾಡ್ತದ?"

"ಹೂವಿನ ರಸ ಕುಡಕೋತ ತಿರಗ್ತದಂತ."

"ನನ್ನ ಗಂಡನಂಗೇ ಬಿಡು."

ನಕ್ಕೆವು. ನಾನು ತಂದಿದ್ದ ಚಳಿಜ್ವರದ ಕಹಿ ಗುಳಿಗೆಯನ್ನು ಅವ್ವ ಕೊಡಗೊಡಲಿಲ್ಲ. "ಉಷ್ಣ ಆಗಿ ಹಾಲು ಬತ್ತತಾವ" ಎಂದು ಕಸಿದುಕೊಂಡಳು. ಅವ್ವ ಕೆಟ್ಟವಳಲ್ಲ, ಮೂರು ಹೊತ್ತು ಬೇವಿನೆಲೆಯ ಹೊಗೆ ಹಾಕುತ್ತಿದ್ದಳು. ಹೊಗೆಗೆ ಬಾಣಂತಿ ಕೆಮ್ಮುತ್ತಿದ್ದಳು. ಹೊಗೆ ಕರಗಿದ ಮೇಲೆ ಸೊಳ್ಳೆ ಮತ್ತೆ ಗೋಡೆಗೆ ಬಂದು ಕೂರುತ್ತಿದ್ದವು. ನಾನು ಅರಿವೆಯಿಂದ ಬಡಿಯುತ್ತಿದ್ದೆ. ಬಡಿದಷ್ಟೂ ಕಾಲುವೆಯಿಂದ ಬರುತ್ತಿದ್ದವು.

ಅಕ್ಕನ ಕಣ್ಣು ಹಳದಿಯಾದವು. ಆಮೇಲೆ ನನ್ನ ಗುರುತು ಹತ್ತಲಿಲ್ಲ. ಆಮೇಲೆ ಸತ್ತಳು.

ಮಣ್ಣು ಮಾಡಿ ಬಂದ ಸಂಜೆ ಅವ್ವ ಕೂಸನ್ನು ಅದೇ ಕೋಣೆಯಲ್ಲಿ ಮಲಗಿಸಿದಳು, ಅಲ್ಲಿ ಬಚ್ಚಲ ವಾಸನೆ ಇಲ್ಲವೆಂದು. ತೊಟ್ಟಿಲ ಮೇಲಿನ ಗೋಡೆಯಲ್ಲಿ ಹೊಟ್ಟೆ ತುಂಬಿದ ಸೊಳ್ಳೆಯೊಂದನ್ನು ಅಂಗೈಯಿಂದ ಒರೆಸಿದೆ. ರಕ್ತ ಬಂತು. ಅಕ್ಕನದೋ ಕೂಸಿನದೋ ತಿಳಿಯಲಿಲ್ಲ. ಕೂಸನ್ನು ಎತ್ತಿಕೊಂಡೆ. ಮೈ ಆಗಲೇ ಸುಡುತ್ತಿತ್ತು.