ಮುತ್ಯಾನ ಎಡಗೈ

ಮೂಲ್ಕಿಯಿಂದ ಮಧ್ಯಾಹ್ನ ಹೊರಟ ಬಸ್ಸು ಮರುದಿನ ಬೆಳಿಗ್ಗೆ ನನ್ನನ್ನು ಕಲಬುರಗಿಯಲ್ಲಿ ಇಳಿಸಿದಾಗ ಸೊಂಟ ನನ್ನದು ಅನ್ನಿಸುತ್ತಿರಲಿಲ್ಲ. ಜೊತೆಗೆ ಎಂಟು ಅಡಿ ಉದ್ದದ ಸರ್ಫಿಂಗ್ ಹಲಗೆ ಬೇರೆ. ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಹಗ್ಗ ಬಿಗಿದಿದ್ದೆ. ಕಡಲಿಲ್ಲದ ಸೀಮೆಗೆ ಕಡಲಿನ ಹಲಗೆ ಹೊತ್ತು ಹೊರಟವನನ್ನು ನೋಡಿ ಅಮ್ಮ, ನಿನಗೆ ಮಂಡೆ ಸಮ ಉಂಟಾ ಎಂದು ಕೇಳಿದ್ದರು. ಹಿಂತಿರುಗಿ ಬಂದಮೇಲೂ ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ನಾನು ಕಡಲ ದಂಡೆಯಲ್ಲಿ ಸರ್ಫಿಂಗ್ ಕಲಿಸುವವನು. ಅಲೆಯ ಮೇಲೆ ಹಲಗೆ ಹಾಕಿ ಅದರ ಮೇಲೆ ಎದ್ದು ನಿಲ್ಲುವುದೇ ಈ ಆಟ. ಕೇಳುವುದಕ್ಕೆ ಇಷ್ಟೇ, ಆದರೆ ಎದ್ದು ನಿಲ್ಲುವಷ್ಟರಲ್ಲಿ ಕೆಲವರಿಗೆ ಒಂದು ಮಳೆಗಾಲ ಕಳೆದುಹೋಗುತ್ತದೆ. ಹಿಂದಿನ ವರ್ಷ ಮೊಬೈಲಿನಲ್ಲಿ ಒಂದು ವಿಡಿಯೊ ಬಂತು. ಭೀಮಾ ನದಿಯ ಪ್ರವಾಹ, ಕೆಂಪು ನೀರು, ಅದರ ನಡುವೆ ಧೋತರ ಉಟ್ಟ ಮುದುಕರೊಬ್ಬರು ಹಲಗೆಯ ಮೇಲೆ ನಿಂತು ಹೋಗುತ್ತಿದ್ದಾರೆ. ಮೊಣಕಾಲು ಸಡಿಲ, ಬಲಗೈ ಮೇಲಕ್ಕೆ, ಎಡಗೈ ಹಿಂದಕ್ಕೆ, ತಗ್ಗಿನಲ್ಲಿ ಚಾಚಿದೆ. ಮುಂಗೈ ಹತ್ತಿರ ಚಿತ್ರದ ಅಂಚು ಬಂದು ಕೈ ಕತ್ತರಿಸಿದೆ. ಕೊನೆಗೆ ದೊಪ್ಪನೆ ಬೀಳುತ್ತಾರೆ. ಯಾರೋ ಅದಕ್ಕೆ ತಮಟೆಯ ಸದ್ದು ಸೇರಿಸಿ ‘ಸರ್ಫಿಂಗ್ ಮುತ್ಯಾ’ ಎಂದು ಹೆಸರಿಟ್ಟು ಬಿಟ್ಟಿದ್ದರು. ಆ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಕೆಳಗೆ ನಗುವ ಮುಖಗಳು ಸಾಲುಸಾಲು. ನಾನೂ ನಕ್ಕೆ.

ನಕ್ಕು ಸುಮ್ಮನಿದ್ದರೆ ಆಗುತ್ತಿತ್ತು. ಅಬ್ಬಾ, ಎಂಥ ಸಮತೋಲ ಎಂದು ಬೆರಗಾಗಿ ಅದನ್ನು ತರಗತಿಗೆ ತೋರಿಸಿದೆ. ಆ ಎಡಗೈ ಯಾಕೆ ಅಷ್ಟು ಹಿಂದಕ್ಕೆ ಎಂದು ಒಬ್ಬರು ಕೇಳಿದಾಗ, ಭಾರ ಸರಿದೂಗಿಸಲು ಎಂದು ಪಂಡಿತನಂತೆ ವಿವರಿಸಿದೆ. ಎಲ್ಲರನ್ನೂ ಮರಳಿನ ಮೇಲೆ ಹಾಗೆಯೇ ನಿಲ್ಲಿಸಿ, ‘ಭೀಮಾ ನಿಲುವು’ ಎಂದು ಹೆಸರು ಕೊಟ್ಟು, ಅದನ್ನೂ ಚಿತ್ರೀಕರಿಸಿ ಹಾಕಿದೆ. ಅದು ಊರೆಲ್ಲ ಓಡಾಡಿತು, ಕಲಿಯುವವರು ಹೆಚ್ಚಾದರು. ಈಗ ಮುತ್ಯಾನನ್ನೇ ಹುಡುಕಿ, ಹಲಗೆ ಉಡುಗೊರೆ ಕೊಟ್ಟು, ಹೊಳೆಯಲ್ಲಿ ನಿಲ್ಲಿಸಿ ಇನ್ನೊಂದು ವಿಡಿಯೊ ಮಾಡುವುದು ನನ್ನ ಯೋಜನೆಯಾಗಿತ್ತು.

ಅಫಜಲಪುರದ ಬಸ್ಸಿನಲ್ಲಿ ಕಂಡಕ್ಟರ್ ಹಲಗೆಯನ್ನು ತಟ್ಟಿ ನೋಡಿ, "ಬಾಗಲದ ಕದ ಏನ್ರಿ?" ಎಂದು ಕೇಳಿ ಲಗೇಜು ಟಿಕೆಟ್ ಹರಿದುಕೊಟ್ಟ. ಅಲ್ಲವೆಂದು ವಿವರಿಸಲು ಹೋದೆ, ಅಷ್ಟರಲ್ಲಿ ಅವನು ಮುಂದಿನ ಸೀಟಿಗೆ ಹೋಗಿದ್ದ. ಪಕ್ಕದಲ್ಲಿ ಆಳಂದದ ಮಗಳ ಮನೆಯಿಂದ ಬರುತ್ತಿದ್ದ ಹೆಂಗಸು ಇಡೀ ದಾರಿ ಅದಕ್ಕೆ ಕಾಲು ತಾಗದಂತೆ ಮುದುಡಿ ಕುಳಿತಿದ್ದರು. ಮನೆಯ ಕದಕ್ಕೆ ಕಾಲು ತಾಗಿಸಬಾರದಂತೆ. ಎರಡೂ ಬದಿ ತೊಗರಿ ಹೂ ಬಿಟ್ಟಿತ್ತು, ಕಪ್ಪು ಮಣ್ಣಿನ ಮೇಲೆ ಹಳದಿ. ಬಿಸಿಲು ನಮ್ಮ ಕಡೆಯ ಹಾಗೆ ಬೆವರಿಸುವುದಿಲ್ಲ, ಸುಡುತ್ತದೆ. ಚೌಡಾಪುರದಲ್ಲಿ ಬಸ್ಸು ನಿಂತಾಗ ಚಹಾ ಕುಡಿದೆ.

ಅಫಜಲಪುರದಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದು, ಅಂಗಡಿಯವನಿಗೆ ಮೊಬೈಲು ತೋರಿಸಿ ವಿಚಾರಿಸಿದೆ. ಕೇಳಿದ್ದೇ ತಡ, ಬೆಂಚಿನ ಮೇಲಿದ್ದ ನಾಲ್ಕು ಜನ ಗೊಳ್ಳೆಂದು ನಕ್ಕು, ಕೈ ಹಿಂದೆ ಚಾಚಿ ನಿಂತು ತೋರಿಸಿದರು. ಕರಜಗಿಗೆ ಹೋಗಿ, ಅಲ್ಲಿಂದ ಹೊಳೆಯ ಕಡೆಗೆ ಟಂಟಂ ರಿಕ್ಷಾ ಹಿಡಿಯಬೇಕಂತೆ. ಮುತ್ಯಾ ಈಗ ಸಂತೆಗೆ ಬರುವುದನ್ನೇ ಬಿಟ್ಟಿದ್ದಾರೆ ಎಂದೂ ಅಂಗಡಿಯವನು ಹೇಳಿದ. ಯಾಕೆ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ನನ್ನಂಥವರು ಇನ್ನೂ ಅಲ್ಲಿಗೆ ಹೋಗುವುದು ಬೇಡ.

ಮುತ್ಯಾ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದರು. ಎಪ್ಪತ್ತರ ಆಸುಪಾಸು, ಗಟ್ಟಿ ಮೈ, ಮಾತು ಕಡಿಮೆ. ಮನೆಯ ಬಾಗಿಲಿಗೆ ಎರಡು ಕದ. ಅದರಲ್ಲಿ ಒಂದು ನೀರು ಕುಡಿದು ಉಬ್ಬಿ, ಮುಚ್ಚಲು ಬಾರದೆ ಓರೆಯಾಗಿ ನಿಂತಿತ್ತು. ಬಂದವರಿಗೆ ಉಣ್ಣಿಸದೆ ಬಂದ ಕೆಲಸವೇನೆಂದು ಆ ಮನೆಗಳಲ್ಲಿ ಕೇಳುವುದಿಲ್ಲ. ಅವರ ಹೆಂಡತಿ, ಎಲ್ಲರೂ ಆಯಿ ಎನ್ನುವವರು, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಆಮೇಲೆ ಹಾಲಿಲ್ಲದ ಕರಿ ಚಹಾ ತಂದಿಟ್ಟು, ಮನೆಯಲ್ಲಿ ಹಾಲಿಲ್ಲ, ತಪ್ಪು ತಿಳಿಯಬೇಡಿ ಎಂದರು. ನನಗೆ ಇದೇ ಇಷ್ಟ ಎಂದು ದೊಡ್ಡ ಮನಸ್ಸಿನವನಂತೆ ಹೇಳಿ ಇನ್ನೊಂದು ಲೋಟ ಹಾಕಿಸಿಕೊಂಡೆ.

ಉಂಡ ಕೈ ಒರೆಸಿಕೊಂಡು ಮೊಬೈಲು ತೆಗೆದೆ. ನಿಮ್ಮ ಶಿಷ್ಯರು ನೋಡಿ ಮುತ್ಯಾ ಎಂದು ಮರಳಿನ ಮೇಲಿನ ನಮ್ಮ ವಿಡಿಯೊ ತೋರಿಸಿದೆ. ಎಲ್ಲರೂ ಎಡಗೈ ಹಿಂದೆ ಚಾಚಿ, ತೂರಾಡಿ, ನಕ್ಕು ಬೀಳುತ್ತಿದ್ದರು. ಮುತ್ಯಾ ಕೊನೆಯವರೆಗೂ ನೋಡಿದರು.

"ಇವ್ರೆಲ್ಲ ಎಡಗೈ ಹಿಂದ್ಯಾಕ ಮಾಡ್ಯಾರ?" ಎಂದರು.

ನಿಮ್ಮಿಂದಲೇ ಕಲಿತದ್ದು ಎಂದೆ ನಾನು. ನಗುತ್ತಲೇ ಹೇಳಿದೆ. ಅವರು ತಮ್ಮ ಎಡಗೈಯನ್ನು ಧೋತರದ ಮಡಿಕೆಯೊಳಗೆ ಎಳೆದುಕೊಂಡರು. ಆಯಿಯೇ ಹೇಳಿದ್ದು.

"ಆ ಕೈಯಾಗ ನಮ್ಮ ಎಮ್ಮಿ ಹಗ್ಗ ಇತ್ತು, ತಮ್ಮಾ."

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹೊಳೆ ಊರೊಳಗೆ ಬಂದಿತ್ತು. ಜನ ಗುಡಿಯ ದಿಬ್ಬ ಹತ್ತಿದ್ದರು. ಗಬ್ಬದ ಎಮ್ಮೆ ಕೊಟ್ಟಿಗೆಯಲ್ಲೇ ಉಳಿದಿತ್ತು. ಮುತ್ಯಾ ಮನೆಯ ಒಂದು ಕದ ಕಿತ್ತು, ಕೆಳಗೆ ಖಾಲಿ ಕ್ಯಾನು ಕಟ್ಟಿ, ಅದರ ಮೇಲೆ ಹೋಗಿ ಎಮ್ಮೆಯನ್ನು ಬಿಚ್ಚಿ, ಹಗ್ಗ ಹಿಡಿದು ತರುತ್ತಿದ್ದರು. ಕೂತರೆ ಹಿಂದಿನ ಎಮ್ಮೆ ಕಾಣುತ್ತಿರಲಿಲ್ಲ, ಅದಕ್ಕೇ ನಿಂತದ್ದು. ಎಮ್ಮೆ ಈಜುತ್ತಿತ್ತು. ದಿಬ್ಬ ಇನ್ನೇನು ಬಂತು ಎನ್ನುವಾಗ ಹಗ್ಗ ಜಾಲಿಕಂಟಿಗೆ ಸಿಕ್ಕಿ ಜಗ್ಗಿತು. ಬಿದ್ದರು. ಎದ್ದಾಗ ಕೈ ಖಾಲಿ. ದಿಬ್ಬದ ಮೇಲೆ ನಿಂತು ಯಾರೋ ಹಿಡಿದ ಮೊಬೈಲಿನ ಚಿತ್ರದೊಳಗೆ ಮುತ್ಯಾ ಮಾತ್ರ ಬಂದಿದ್ದರು, ಎಮ್ಮೆ ಬಂದಿರಲಿಲ್ಲ. ನಾವೆಲ್ಲ ನಕ್ಕದ್ದು ಆ ಬೀಳುವುದಕ್ಕೆ.

ಇನ್ನೊಂದು ಎಮ್ಮೆ ತರಬೇಕೆಂದು ಆಯಿ ಹೇಳುತ್ತಲೇ ಇದ್ದಾರಂತೆ. ಮುತ್ಯಾ ದನದ ಸಂತೆಗೆ ಕಾಲಿಡುವುದಿಲ್ಲ. ಹೋದಲ್ಲೆಲ್ಲ ಹುಡುಗರು ಕೈ ಹಿಂದೆ ಮಾಡಿ ನಿಲ್ಲುತ್ತಾರೆ. ಆ ಹುಡುಗರಿಗೆ ನಿಲ್ಲಲು ಕಲಿಸಿದವರಲ್ಲಿ ನಾನೂ ಒಬ್ಬ. ಹೊಟ್ಟೆಯಲ್ಲಿ ಅವರ ರೊಟ್ಟಿ, ಕೈಯಲ್ಲಿ ಅವರ ಲೋಟ. ಎದ್ದು ಓಡಿಹೋಗಲೂ ಮುಖವಿರಲಿಲ್ಲ. ನಾಚಿಕೆ ಎಂಬ ಮಾತನ್ನು ಎಷ್ಟೋ ಸಲ ಬಳಸಿದ್ದೇನೆ, ಅದರ ರುಚಿ ಗೊತ್ತಾದದ್ದು ಆ ಕರಿ ಚಹಾದಲ್ಲಿ.

ಅವರೆದುರೇ ನನ್ನ ವಿಡಿಯೊ ಅಳಿಸಿದೆ. ನಿಜ ಸಂಗತಿ ಹೇಳುವ ಬೇರೊಂದನ್ನು ಹಾಕುತ್ತೇನೆ, ನೀವೇ ಎರಡು ಮಾತು ಹೇಳಿ ಎಂದು ತೊದಲಿದೆ.

"ಮತ್ತ ನನ್ನ ಮಾರಿನೇ ತೋರಸ್ತೀರೇನ್ರಿ?" ಎಂದರು ಮುತ್ಯಾ. "ಬ್ಯಾಡ್ರಿ. ಮಂದಿ ಮರೀಲಿ ಬಿಡ್ರಿ. ಹಗ್ಗ ಕೈ ಬಿಟ್ಟಿದ್ದು ನನಗ ನೆನಪದ, ಅಷ್ಟ ಸಾಕು."

ಹೊರಡುವಾಗ ಹಲಗೆಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತೆ. ಮುತ್ಯಾ ಬೆಡ್‌ಶೀಟು ಸರಿಸಿ, ಹಗುರ ನೋಡಿ ಅಚ್ಚರಿಪಟ್ಟು, ಇದರ ಮೇಲೆ ಎಷ್ಟು ಮಂದಿ ಹಿಡಿಯುತ್ತಾರೆ ಎಂದು ಕೇಳಿದರು. ಒಬ್ಬರೇ ಎಂದೆ. ಹಾಗಾದರೆ ನಮಗೆ ಉಪಯೋಗಕ್ಕೆ ಬರುವುದಲ್ಲ, ಹೊತ್ತುಕೊಂಡು ಹೋಗಿ ಎಂದರು, ಬಯ್ಯಲಿಲ್ಲ. ದಾರಿಗೆಂದು ಆಯಿ ನಾಲ್ಕು ರೊಟ್ಟಿ ಕಟ್ಟಿಕೊಟ್ಟರು. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ಕಲಬುರಗಿಯಿಂದ ತಿರುಗಿ ಹೊರಟ ಬಸ್ಸು ಜೇವರ್ಗಿಗೆ ಮುನ್ನ ಭೀಮಾ ಸೇತುವೆ ದಾಟುತ್ತದೆ. ಸಂಜೆ ಬಿಸಿಲಲ್ಲಿ ಹೊಳೆ ಬಡಕಲಾಗಿ, ಬಂಡೆಗಳ ನಡುವೆ ಸುಮ್ಮನೆ ಹರಿಯುತ್ತಿತ್ತು. ಮೊಬೈಲು ತೆರೆದೆ. ಮುತ್ಯಾ ಬೇರೆ ಯಾರದೋ ಪುಟದಲ್ಲಿ, ಬೇರೆ ಹಾಡಿಗೆ, ಮತ್ತೆ ಬೀಳುತ್ತಿದ್ದರು. ನಾನು ಅಳಿಸಿದ್ದು ಕಡಲಿನಿಂದ ಒಂದು ಚೊಂಬು ನೀರು ತೆಗೆದಂತಾಗಿತ್ತು.

ಮೂಲ್ಕಿಗೆ ಬಂದ ಮರುದಿನ ಬೆಳಿಗ್ಗೆ ತರಗತಿಯವರನ್ನು ಮರಳಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಇನ್ನು ಮೇಲೆ ಎರಡೂ ಕೈ ಮುಂದೆ ಇರಲಿ ಎಂದು ನೀರಿಗಿಳಿಸಿದೆ. ಆದರೆ ಕಲಿತ ಮೈ ಕೇಳುತ್ತದೆಯೇ? ಅಲೆ ಬಂದಾಗ ಎದ್ದು ನಿಂತವರೆಲ್ಲರ ಎಡಗೈ ಹಿಂದಕ್ಕೇ ಹೋಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಬ್ಯಾಂಕಿನಿಂದ ನಿವೃತ್ತರಾದ ಶಕುಂತಲಕ್ಕ. ಅವರಂತೂ ಹಿಂದಿನ ಕೈಯನ್ನು ಮುಷ್ಟಿ ಬಿಗಿದು ಹಿಡಿದಿದ್ದರು. ಕೈ ಮುಂದೆ ತನ್ನಿ ಎಂದು ನಾನು ಕೂಗಿದೆ.

ಅವರು ದಡಕ್ಕೆ ಬಂದು, ಉಪ್ಪುನೀರು ಒರೆಸಿಕೊಂಡು, ಮೆತ್ತಗೆ ಕೇಳಿದರು.

"ಹಗ್ಗ ಬಿಟ್ಟುಬಿಡುವುದಾ ಮಾರಾಯ್ರೇ?"

ನಾನು ಅವರ ಹಲಗೆಯನ್ನು ಮತ್ತೆ ಅಲೆಯ ಕಡೆಗೆ ತಿರುಗಿಸಿ ಕೊಟ್ಟೆ.