ಸೆರಗಿನ ಕೆಂಪು

ವೈನಿಯ ಬಲಗಣ್ಣು ಹೋದದ್ದು ನನ್ನಿಂದ. ದೈವದಿಂದಲ್ಲ, ಅಣ್ಣನಿಂದಲ್ಲ — ನನ್ನಿಂದ.

೧೯೬೦ರ ಆಸುಪಾಸಿನ ಮಾತು. ಮದುವೆಯಾಗದ ನಾನು ದುಂಡಸಿಯಲ್ಲಿ ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ, ಇವರ ಜೊತೆಗಿದ್ದೆ. ವೈನಿಗೆ ಎದೆಯಲ್ಲಿ ಗಂಟುಗಳಾಗಿ ಕೆಮ್ಮು ಹತ್ತಿತ್ತು. ಊರು ಕ್ಷಯ ಎಂದಿತು. ಹುಬ್ಬಳ್ಳಿಯ ಡಾಕ್ಟರರು ಅಲ್ಲ ಎಂದರು. ಸಾರ್ಕಾಯ್ಡ್ ಎಂಬ ಬೇರೆ ರೋಗ, ಅಂಟುವುದಿಲ್ಲ, ಆದರೆ ಕಣ್ಣಿನ ನರಕ್ಕೆ ಇಳಿಯಬಹುದು. ಹಾಗಾದರೆ ಕೆಂಪು ಬಣ್ಣ ಮೊದಲು ಮಾಸುತ್ತದಂತೆ. ದಿನಾ ಒಂದೊಂದೇ ಕಣ್ಣು ಮುಚ್ಚಿಸಿ ಕೆಂಪು ತೋರಿಸಿ, ಮಂಕೆನಿಸಿದರೆ ಅವತ್ತೇ ಕರೆತನ್ನಿ, ಗುಳಿಗೆ ಇವೆ ಎಂದಿದ್ದರು. ಏಳನೇ ಇಯತ್ತೆ ಕಲಿತ ಜಾಣೆಯೆಂದು ಆ ಕೆಲಸ ನನಗೇ ಬಂತು. ನಮ್ಮ ಕಡೆಯ ಸೀರೆಗೆ ಕೆಂಪು ಸೆರಗು ಇದ್ದೇ ಇರುತ್ತದೆ, ಬೇರೇನೂ ಹುಡುಕಬೇಕಿರಲಿಲ್ಲ.

ಒಂದು ಮುಂಜಾನೆ ಎಡಗಣ್ಣು ಮುಚ್ಚಿಕೊಂಡ ವೈನಿ ತಡೆದು ಹೇಳಿದರು:

"ಸೆರಗು ಬಿಳಿಚಿದಂಗ ಕಾಣಾಕತ್ತೇತಿ ನೋಡವಾ."

"ಬಿಸಲಿಗೆ ಹಂಗ ಕಾಣ್ತೇತ್ರಿ ವೈನಿ. ಅಣ್ಣಗ ಈಗ ಹೇಳಬ್ಯಾಡ್ರಿ."

ಬಿಸಿಲೇ ಇರಲಿಲ್ಲ. ನಾಲ್ಕು ದಿನಕ್ಕೆ ರಟ್ಟೀಹಳ್ಳಿಯವರು ನನ್ನನ್ನು ನೋಡಲು ಬರುವವರಿದ್ದರು. ಎರಡು ಸಂಬಂಧ ಆ ಕ್ಷಯದ ಸುದ್ದಿಗೇ ಮುರಿದಿದ್ದವು. ಮತ್ತೆ ದವಾಖಾನೆ ಎಂದರೆ ಇದೂ — ಅಷ್ಟೇ ಯೋಚಿಸಿದೆ. ವೈನಿ ನನ್ನ ಮುಖ ನೋಡಿದರು; ಅಣ್ಣನಿಗೆ ಹೇಳಲಿಲ್ಲ. ನೋಡಲು ಬಂದವರಿಗೆ ವೈನಿ ಚಹಾ ಬಸಿಯುವಾಗ ಅದು ಕಪ್ಪಿನ ಪಕ್ಕಕ್ಕೆ ಬಿತ್ತು. ಹೊಸ ಕುಪ್ಪಸ ತೊಟ್ಟು ಕುಳಿತ ನಾನು ನಕ್ಕು ಮುಚ್ಚಿಹಾಕಿದೆ.

ಮಾತು ಪಕ್ಕಾ ಆದಮೇಲೆಯೇ ವೈನಿ ಅಣ್ಣನಿಗೆ ಹೇಳಿ ಹುಬ್ಬಳ್ಳಿಗೆ ಹೋದರು. ಎಡಗಣ್ಣು ಉಳಿಯಿತು; ಬಲಗಣ್ಣಿಗೆ ತಡವಾಗಿತ್ತು.

"ಮದಲ ಯಾಕ ಹೇಳಲಿಲ್ಲ?" ಎಂದು ಅಣ್ಣ ಕೇಳಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ.

"ನನಗ ಗೊತ್ತಾಗಲಿಲ್ಲರಿ," ಎಂದರು ವೈನಿ.

ನನಗೆ ಒಳ್ಳೆಯ ಗಂಡ ಸಿಕ್ಕ, ಮೂವರು ಮಕ್ಕಳಾದರು. ಮೂರೂ ಬಾಣಂತನ ಮಾಡಿದವರು ವೈನಿಯೇ. ಕೂಸಿಗೆ ಎಣ್ಣೆ ಹಚ್ಚುತ್ತ ಕುಳಿತಿದ್ದಾಗ ಒಮ್ಮೆ ಶುರು ಮಾಡಿದೆ — "ವೈನಿ, ಆವತ್ತ ನಾನು..." ಮುಂದುವರಿಸಲು ಬಿಡಲಿಲ್ಲ.

"ನೀ ಚಲೋ ಮನಿ ಸೇರಿದಿ. ನನಗ ಅಷ್ಟ ಬೇಕಾಗಿತ್ತು."

ಎಲ್ಲ ಗೊತ್ತಿದ್ದೇ ಸುಮ್ಮನಿದ್ದರು! ಹೆತ್ತವ್ವನಿಗೂ ನಾನು ಇಷ್ಟು ಋಣಿಯಲ್ಲ. ನನ್ನ ಸಂಸಾರದ ಒಂದೊಂದು ಸುಖದ ದಿನವೂ ಅವರು ಕೊಟ್ಟದ್ದು.

ವೈನಿ ಈಗಿಲ್ಲ. ಅಣ್ಣ ಇದ್ದಾನೆ. "ಸೇಂಗಾ ಕೀಳೂ ಗಡಿಬಿಡಿಯೊಳಗ ನಾನ ಆಕಿ ಕಡೆ ಲಕ್ಷ್ಯ ಕೊಡಲಿಲ್ಲ" ಎಂದು ಹೋದಾಗಲೆಲ್ಲ ಹಳಹಳಿಸುತ್ತಾನೆ. ಕೇಳಿಸಿಕೊಂಡು, ಉಂಡು, ಬಸ್ಸು ಹತ್ತಿ ಬಂದಿದ್ದೇನೆ — ಇಷ್ಟು ವರ್ಷ. ವೈನಿ ನನ್ನನ್ನು ಕಾಯ್ದರು. ಅವನನ್ನು ಯಾರೂ ಕಾಯಲಿಲ್ಲ. ನಾಳೆ ಹೋಗಿ, ಅವನೆದುರು ಕುಳಿತು, ಈಗ ಬರೆದ ಇದನ್ನು ಮೊದಲಿನಿಂದ ಓದಿ ಹೇಳುತ್ತೇನೆ.