ಹಳೆಯ ಆವಿಗೆಯ ಉತ್ತರ ದಿಕ್ಕು

ಪಕ್ಕದ ಮನೆಯಲ್ಲಿ ಬೆಳಿಗ್ಗೆಯಿಂದ ಚಾವಣಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚುತ್ತಿದ್ದಾರೆ. ಆ ಹಸಿ ಸುಣ್ಣದಂಥ ವಾಸನೆ ಕಿಟಕಿಯಿಂದ ಬಂದದ್ದೇ ತಡ, ಸೊರಬದ ಈ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದ ನಾನು ಮನಸ್ಸಿನಲ್ಲೇ ಬಳ್ಳಿಗಾವಿ ಪಕ್ಕದ ನಮ್ಮ ಹೊಲಕ್ಕೆ ಹೋಗಿಬಿಟ್ಟೆ. ವಾಸನೆಗಳು ನಿಮ್ಮನ್ನೂ ಹೀಗೆ ಎಳೆದೊಯ್ಯುತ್ತವೆಯೋ ಏನೋ. ನನಗಂತೂ ಈ ವಾಸನೆಯ ಜೊತೆಗೆ ಸ್ವಲ್ಪ ನಾಚಿಕೆಯೂ ಬರುತ್ತದೆ.

ಹೊಲ ನೋಡಿಕೊಳ್ಳುವವನು ನನ್ನ ಅಣ್ಣ ಬೀರಪ್ಪ. ಅತ್ತಿಗೆ ಗೌರಮ್ಮನದು ಕುರಿಗಳ ಕಾರುಬಾರು. ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಮುಂಚೆ ಅಣ್ಣ ಕೃಷಿ ಹೊಂಡ ತೋಡಿಸಲು ಶುರುಮಾಡಿದಾಗ, ಮೊಣಕಾಲುದ್ದ ಕೆಳಗೆ ಕೆಂಪಗೆ ಸುಟ್ಟ ಮಣ್ಣಿನ ದುಂಡನೆಯ ಗೋಡೆ ಸಿಕ್ಕಿತು. ಯಾವುದೋ ಕಾಲದಲ್ಲಿ ಕುಂಬಾರರು ಮಡಕೆ ಸುಡುತ್ತಿದ್ದ ಆವಿಗೆ. ನನ್ನ ಹಳೆಯ ವಿದ್ಯಾರ್ಥಿನಿ ಶಾಲಿನಿ ಇಂಥ ಸುಟ್ಟ ಮಣ್ಣಿನಲ್ಲೇ ಸಂಶೋಧನೆ ಮಾಡುವವಳು. ಫೋನ್ ಮಾಡಿದೆ.

"ನಾಳೆ ಬರ್ತೀನಿ ಸರ್. ಯಾರೂ ಏನೂ ಮುಟ್ಟಬಾರದು" ಎಂದಳು.

'ಯಾರೂ' ಎಂಬುದರಲ್ಲಿ ಮೇಷ್ಟ್ರು ಸೇರುವುದಿಲ್ಲವೆಂದು ನಾನೇ ತೀರ್ಮಾನಿಸಿಕೊಂಡೆ. ಗೋಡೆಯಿಂದ ಎಲ್ಲಕ್ಕಿಂತ ಚೆನ್ನಾಗಿ ಸುಟ್ಟ ಹೆಂಟೆಯನ್ನು ಬಿಡಿಸಿ, ತೊಳೆದು, ಟವೆಲಿನಲ್ಲಿ ಸುತ್ತಿಟ್ಟು, ಮಾರನೆಯ ದಿನ ಹೆಮ್ಮೆಯಿಂದ ಅವಳ ಮುಂದೆ ಬಿಚ್ಚಿದೆ. ಅವಳ ಮುಖ ಸಪ್ಪಗಾಯಿತು.

"ಸರ್, ಇದು ಯಾವ ಕಡೆ ಮುಖ ಮಾಡಿ ಕೂತಿತ್ತು?"

ನನಗೆ ಗೊತ್ತಿರಲಿಲ್ಲ.

ಅವಳು ವಿವರಿಸಿದಳು. ಮಣ್ಣಿನಲ್ಲಿ ಕಬ್ಬಿಣದ ಅಂಶವಿರುವ ಸಣ್ಣ ಕಣಗಳಿರುತ್ತವೆ. ಆವಿಗೆ ಕೆಂಡದಂತೆ ಕಾದು ಆರುವಾಗ, ಭೂಮಿಯ ಕಾಂತಕ್ಷೇತ್ರ ಆ ಹೊತ್ತಿಗೆ ಯಾವ ಕಡೆಗಿತ್ತೋ ಆ ಕಡೆಯ ಗುರುತನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಕಾಂತದ ಉತ್ತರ ಒಂದೇ ಕಡೆ ನಿಲ್ಲುವುದಿಲ್ಲ, ಕಾಲದಿಂದ ಕಾಲಕ್ಕೆ ಸರಿದಾಡುತ್ತದೆ. ಗೋಡೆ ಕದಲದೆ ಕೂತಿದ್ದರೆ ಅಂದಿನ ಉತ್ತರ ಎಲ್ಲಿತ್ತೆಂದು ಅಳೆಯಬಹುದು. ಕಿತ್ತರೆ ಮುಗಿಯಿತು. ಮೂವತ್ತು ವರ್ಷ ಬೋರ್ಡಿನ ಮೇಲೆ ದಂಡಕಾಂತ ಬರೆದ ನಾನು ಟವೆಲ್ ಮಡಚುತ್ತ ನಿಂತೆ.

"ಇರಲಿ ಸರ್. ದಿಕ್ಕು ಹೋದ್ರೂ, ಆಗ ಕ್ಷೇತ್ರ ಎಷ್ಟು ಬಲವಾಗಿತ್ತು ಅಂತ ಇದರಲ್ಲೂ ನೋಡಬಹುದು" ಎಂದು ಅವಳೇ ಸಮಾಧಾನ ಹೇಳಿದಳು.

ಉಳಿದ ಗೋಡೆಯ ಮೇಲೆ ಪ್ಲಾಸ್ಟರ್ ಸುರಿದು ಮಟ್ಟ ಮಾಡಿದಳು. ಅದರ ಮೇಲೆ ದಿಕ್ಕಿನ ಗೆರೆ ಎಳೆದ ನಂತರವೇ ತುಂಡು ಕೊಯ್ಯಬೇಕು. ಸುಟ್ಟ ಮಣ್ಣು ದಿಕ್ಸೂಚಿಯ ಮುಳ್ಳನ್ನೇ ಎಳೆದೀತೆಂದು, ಸೂರ್ಯನ ನೆರಳು ನೋಡಿ ಗೆರೆ ಎಳೆಯಬೇಕಂತೆ. ಆಕಾಶದ ತುಂಬ ಮೋಡ. ಅಷ್ಟರಲ್ಲಿ ಹೊಂಡ ತೋಡುವ ಜೆಸಿಬಿ ಬಂದು ನಿಂತಿತು.

ಅಣ್ಣ ರೇಗಿದ. "ಇವತ್ತು ಬಿಟ್ರೆ ಜೆಸಿಬಿಯವ ಈಸೂರಿಗೆ ಹೋಗ್ತಾನೆ. ಮಳೆ ಹಿಡೀತಂದ್ರೆ ಈ ವರ್ಷ ಹೊಂಡ ಆಗಂಗಿಲ್ಲ. ಸುಟ್ಟ ಮಣ್ಣಿಗೋಸ್ಕರ ನೀರು ಬಿಡ್ಲೇನು?"

ಅವನ ಮಾತು ಸುಳ್ಳಾಗಿರಲಿಲ್ಲ. ಆ ಹೆಂಟೆ ಕಿತ್ತ ಮೇಲೆ ಗೋಡೆಯ ಪರವಾಗಿ ವಾದಿಸುವ ಮುಖವೂ ನನಗಿರಲಿಲ್ಲ. ಮಾತಾಡಿದ್ದು ಅತ್ತಿಗೆ.

"ಏನವ್ವಾ, ನಮ್ಮ ಅಜ್ಜನ ಅಜ್ಜನಿಗಿಂತ ಹಿಂದಿನ ಉತ್ತರ ಇದ್ರಾಗೈತಾ?"

"ಇದೆ ಅಮ್ಮ. ಒಡೆದ್ರೆ ಮತ್ತೆ ಸಿಗಲ್ಲ" ಎಂದಳು ಶಾಲಿನಿ.

"ಹಂಗಾರೆ ನನ್ನ ಕುರಿದೊಡ್ಡಿ ಜಾಗದಾಗೆ ಹೊಂಡ ತೋಡ್ರಿ. ದೊಡ್ಡಿ ಬೇರೆ ಕಡೆ ಹಾಕ್ಕೊಂತೀನಿ" ಎಂದವರೇ ಅತ್ತಿಗೆ ಸೆರಗು ಸಿಕ್ಕಿಸಿ ಬೇಲಿ ಕೀಳತೊಡಗಿದರು. ಅವರೇ ಕೈಯಾರೆ ಕಟ್ಟಿದ ಬೇಲಿ ಅದು. ಅಣ್ಣ ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ತಾನೂ ಹೋಗಿ ಗೂಟಕ್ಕೆ ಕೈ ಹಾಕಿದ.

ಮಧ್ಯಾಹ್ನ ಬಿಸಿಲು ಬಿತ್ತು. ಶಾಲಿನಿ ನೆರಳು ನೋಡಿ, ಹೊತ್ತು ಬರೆದುಕೊಂಡು, ಗೆರೆ ಎಳೆದಳು. ನಾನು ಕೈ ಕಟ್ಟಿಕೊಂಡು ನೋಡಿದೆ. ಕೆಲವು ತಿಂಗಳಾದ ಮೇಲೆ ಅವಳ ಫೋನ್ ಬಂತು. ಆವಿಗೆಯ ಇದ್ದಿಲಿನಿಂದ ಅದರ ಕಾಲ ತಿಳಿದಿತ್ತು, ಗೋಡೆಯಿಂದ ದಿಕ್ಕು. ಸುಮಾರು ಸಾವಿರ ವರ್ಷದ ಹಿಂದೆ, ಬಳ್ಳಿಗಾವಿಯ ಗುಡಿಗಳು ಏಳುತ್ತಿದ್ದ ಕಾಲದ ಉತ್ತರ ಇವತ್ತಿನ ಜಾಗದಲ್ಲಿರಲಿಲ್ಲ. ಅಣ್ಣನಿಗೆ ಹೇಳಿದಾಗ ಅವನು ಹೊಲದ ಕಡೆ ನೋಡಿ, "ಮಣ್ಣು ಸಾಕ್ಷಿ ಹೇಳ್ತು ಅನ್ನು" ಎಂದನಷ್ಟೆ.

ಮೊನ್ನೆ ಅವನದೇ ಫೋನ್. ಪಕ್ಕದ ಹೊಲದವರು ಪಾಯ ತೆಗೆಸುವಾಗ ಕೆಂಪು ಮಣ್ಣು ಕಂಡಿದೆ. ಇವನು ಓಡಿಹೋಗಿ, ಯಂತ್ರಕ್ಕೆ ಅಡ್ಡ ನಿಂತು ಕೆಲಸ ನಿಲ್ಲಿಸಿದ್ದಾನೆ.

"ಶಾಲಿನಿಗೆ ಹೇಳಿದೀನಿ. ನೀನೂ ಬಾ" ಎಂದ. ಫೋನ್ ಇಡುವ ಮುಂಚೆ, "ಬಂದು ಸುಮ್ನೆ ಕೂತ್ಕೋ" ಎಂದ.

ಹೋದೆ. ಅಣ್ಣ ಆ ಮಣ್ಣಿನ ಸುತ್ತ ಹಗ್ಗ ಕಟ್ಟಿ, ಕಾವಲು ಕೂತಿದ್ದ. ನನಗೂ ಒಂದು ಕುರ್ಚಿ ಹಾಕಿಸಿದ್ದ, ಹಗ್ಗದಿಂದ ಸಾಕಷ್ಟು ದೂರದಲ್ಲಿ. ನಾನು ತಕರಾರು ಮಾಡದೆ ಅಲ್ಲೇ ಕೂತೆ.